ಊರಿನ ಪ್ಲಂಬರನನ್ನು ಕ್ಲಬ್ಬಿಗೆ ಕೊಡಿಸಿದ ಬೆರಿಲ್

ಬೆರಿಲ್ ಹಾಪ್‌ಗುಡ್ ನಮ್ಮ ಟಾರಂಗಾದ ಶಾಲಾ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವಳು. ಬೆಳಿಗ್ಗೆ ಮಕ್ಕಳನ್ನು ಶಾಲೆಯ ಮುಂದೆ ಇಳಿಸಿ, ಖಾಲಿ ಬಸ್ಸನ್ನು ನನ್ನ ಬೇಕರಿಯ ಪಕ್ಕಕ್ಕೆ ತಂದು ನಿಲ್ಲಿಸುತ್ತಿದ್ದಳು. ಒಂಬತ್ತೂಕಾಲಿಗೆ ಅವಳಿಗೆ ಒಂದು ಪೈ, ಒಂದು ಕಪ್ ಟೀ, ಆಮೇಲೆ ಕ್ಲೆಮ್ ಬ್ರಾಡ್‌ಫುಟ್‌ನ ಜೊತೆ ಒಂದು ಜಗಳ ಆಗಲೇಬೇಕು.

ಕ್ಲೆಮ್ ಅವಳ ಪಕ್ಕದ ಮನೆಯವನು. ಗೋಧಿ ಗೋದಾಮಿನಲ್ಲಿ ದುಡಿದು ನಿವೃತ್ತನಾಗಿದ್ದ. ಹೆಂಡತಿ ತೀರಿಕೊಂಡ ಮೇಲೆ ಬೇಕರಿಯಲ್ಲೇ ಅವನ ಅರ್ಧ ದಿನ ಕಳೆಯುತ್ತಿತ್ತು. ಇಬ್ಬರ ಅಭಿಮಾನವೂ ಒಂದೇ ಫುಟ್‌ಬಾಲ್ ಕ್ಲಬ್ಬಿಗೆ, ಮೆಲ್ಬರ್ನಿನ ಹಸಿರು-ಬಿಳಿ ಪಟ್ಟೆಯದಕ್ಕೆ; ಚೆಂಡನ್ನು ಕೈಯಲ್ಲೂ ಹಿಡಿಯುವ ಆಸ್ಟ್ರೇಲಿಯಾದ ಫುಟ್‌ಬಾಲ್ ಅದು. ಅದು ಕಪ್ ಎತ್ತಿದ್ದನ್ನು ಇಬ್ಬರೂ ಕಂಡಿದ್ದು ಫೋಟೋದಲ್ಲಿ ಮಾತ್ರ. ಬೇರೆ ಬೇರೆ ಕ್ಲಬ್ಬಿನವರಾಗಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಒಂದೇ ಕ್ಲಬ್ಬಿನವರಾದ್ದರಿಂದ ಜಗಳ ಮುಗಿಯುತ್ತಲೇ ಇರಲಿಲ್ಲ.

ನವೆಂಬರಿನಲ್ಲಿ ಡ್ರಾಫ್ಟ್. ಕ್ಲಬ್ಬುಗಳೆಲ್ಲ ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಹೊತ್ತು. ಮೊದಲು ಬರುವ ಹೆಸರುಗಳ ಬಗ್ಗೆ ದೇಶವೆಲ್ಲ ಮಾತಾಡುತ್ತದೆ. ಬೆರಿಲ್‌ಗೆ ಅವು ಬೇಕಿರಲಿಲ್ಲ.

"ಮೊದಲ್ನೇ ಹುಡುಗನ್ನ ಯಾರು ಬೇಕಾದ್ರೂ ಆರಿಸ್ತಾರೆ ಕಣೋ. ಪೇಪರ್ ಓದೋಕೆ ಬಂದ್ರೆ ಸಾಕು. ಎಲ್ಲರೂ ತಗೊಂಡು ಹೋದಮೇಲೆ ಬುಟ್ಟಿ ತಳದಲ್ಲಿ ಉಳಿದಿರ್ತಾರಲ್ಲ, ಅವರಲ್ಲಿ ಯಾರನ್ನ ಹಿಡೀತೀಯ ಅನ್ನೋದ್ರಲ್ಲಿ ಗೊತ್ತಾಗುತ್ತೆ ಬುದ್ಧಿ."

"ನಿನ್ನ ಬುದ್ಧಿ ನೋಡಿದೀನಿ ಬಿಡು," ಅಂದ ಕ್ಲೆಮ್. "ಹೋದ ಸಲ ನೀನು ಹಿಡಿದ ಆ ಕುರಿ ಉಣ್ಣೆ ಕತ್ತರಿಸೋ ಹುಡುಗ ಏನಾದ? ಕ್ಲಬ್ನೋರು ಪಾಪ ಪರೀಕ್ಷೆಗೆ ಕರೆದ್ರೆ, ನಾಲ್ಕು ದಿನಕ್ಕೆ ನಾಯಿ ನೆನಪಾಗುತ್ತೆ ಅಂತ ವಾಪಸ್ ಬಂದ."

"ಆ ನಾಯಿನೂ ಒಳ್ಳೇ ನಾಯಿ."

ನಾನು ಹೇಳಹೊರಟ ವರ್ಷ ಕ್ಲಬ್ಬು ಐದು ಜನರನ್ನು ಆಟಗಾರರ ಪಟ್ಟಿಯಿಂದ ಕೈಬಿಡುವುದಿತ್ತು. ಕೊನೆಯ ಸುತ್ತುಗಳಲ್ಲಿ ಒಂದೆರಡು ಜಾಗ ತುಂಬಬೇಕಿತ್ತು. ಕ್ಲೆಮ್‌ಗೆ ಹದಿನೆಂಟರ ಒಬ್ಬ ಉದ್ದನೆಯ ಹುಡುಗ ಬೇಕು. ಬೆರಿಲ್ ಹಿಡಿದ ಹೆಸರು ನಮ್ಮೂರಿನದೇ, ಬ್ರೋಡಿ ಪೆನ್‌ರೋಸ್. ವಯಸ್ಸು ಇಪ್ಪತ್ತನಾಲ್ಕು, ಎತ್ತರ ಆರಡಿ ಏಳಂಗುಲ. ಅಂಪೈರ್ ಚೆಂಡನ್ನು ಮೇಲಕ್ಕೆ ಹಾರಿಸಿದಾಗ ಎಗರಿ ತಮ್ಮವರ ಕಡೆಗೆ ತಟ್ಟುವುದು ಊರಿನ ತಂಡದಲ್ಲಿ ಅವನ ಕೆಲಸ. ಅದು ಶನಿವಾರದ ಮಾತು. ಉಳಿದ ದಿನಗಳಲ್ಲಿ ಅವನು ಟಾರಂಗಾದ ಪ್ಲಂಬರ್. ಊರಿಗೆಲ್ಲ ಒಬ್ಬನೇ.

"ಅವನ ಮೊಣಕಾಲು ಆಗ್ಲೇ ಮುದುಕರ ಥರ ಲಟಲಟ ಅನ್ನುತ್ತೆ," ಅಂದ ಕ್ಲೆಮ್. "ನಮ್ಮನೆ ಸಿಂಕ್ ಕೆಳಗೆ ಹೋದೋನು ಎದ್ದು ಬರೋಕೆ ಕಾಲು ಗಂಟೆ ತಗೊಂಡ."

"ಅಷ್ಟುದ್ದ ಇರೋನು ಸಿಂಕ್ ಕೆಳಗೆ ಹಿಡಿಸ್ತಾನಲ್ಲ, ಅದನ್ನ ನೋಡು. ಮೈ ಎಷ್ಟು ಬಗ್ಗುತ್ತೆ ಅಂತ."

ಮಾತಿಗೇ ನಿಲ್ಲಿಸಲಿಲ್ಲ ಅವಳು. ಆಟಗಾರರನ್ನು ಆರಿಸುವ ಕ್ಲಬ್ಬಿನ ಅಧಿಕಾರಿಗೆ ಆರು ಕಾಗದ ಬರೆದಳು. ಆರನೆಯದಕ್ಕೆ ಎರಡು ಸಾಲಿನ ಉತ್ತರ ಬಂತು. ಆಗಸ್ಟಿನ ಒಂದು ಶನಿವಾರ ಗುರುತಿಲ್ಲದ ಒಬ್ಬ ಮನುಷ್ಯ ನಮ್ಮ ಮೈದಾನಕ್ಕೆ ಬಂದು, ಒಬ್ಬನೇ ನಿಂತು ಆಟ ನೋಡಿ, ಯಾರ ಹತ್ತಿರವೂ ಮಾತಾಡದೆ ಹೋದ. "ಕ್ಲಬ್ನೋನು, ಅವನೇ," ಅಂದಳು ಬೆರಿಲ್. "ಔಷಧಿ ಮಾರೋನು ಇರ್ಬೇಕು," ಅಂದ ಕ್ಲೆಮ್.

ನವೆಂಬರಿನಲ್ಲಿ ಬೆರಿಲ್‌ಗೆ ಬಚ್ಚಲುಮನೆ ಹೊಸದು ಮಾಡಿಸುವ ಮನಸ್ಸಾಯಿತು. ಬ್ರೋಡಿ ಬಂದು ಟಬ್ಬು, ಬೇಸಿನ್ನು, ಕಮೋಡು ಎಲ್ಲ ಕಿತ್ತು ಅಂಗಳಕ್ಕೆ ಹಾಕಿ ನೆಲ ಅಗೆದ. ಆ ಶುಕ್ರವಾರವೇ ಡ್ರಾಫ್ಟಿನ ಕೊನೆಯ ಸುತ್ತು. ಕ್ಲೆಮ್‌ನ ಉದ್ದ ಹುಡುಗನನ್ನು ಹಿಂದಿನ ದಿನವೇ ಬೇರೆ ಕ್ಲಬ್ಬು ಎತ್ತಿಕೊಂಡಿತ್ತು. ನಮ್ಮ ಪಟ್ಟಿಯಲ್ಲಿ ಉಳಿದಿದ್ದು ಒಂದೇ ಜಾಗ. ಮಧ್ಯಾಹ್ನ ಬೆರಿಲ್ ನನ್ನ ಬೇಕರಿಯಲ್ಲಿ ಟೀ ಮುಂದಿಟ್ಟುಕೊಂಡು ಕೂತಿದ್ದಳು. ಬ್ರೋಡಿ ಊಟಕ್ಕೆ ಬಂದು ನಿಂತೇ ಪೈ ತಿನ್ನುತ್ತಿದ್ದ. ಕ್ಲೆಮ್ ಕನ್ನಡಕ ಏರಿಸಿ ಫೋನಿನಿಂದ ಹೆಸರು ಓದುತ್ತಿದ್ದ. ನಮ್ಮ ಕ್ಲಬ್ಬಿನ ಸರದಿ ಬಂದಾಗ ಓದುವುದನ್ನು ನಿಲ್ಲಿಸಿದ.

"ಏನಾಯ್ತು?" ಅಂದಳು ಬೆರಿಲ್.

"ಬ್ರೋಡಿ ಪೆನ್‌ರೋಸ್ ಅಂತ ಇದೆ," ಅಂದ ಕ್ಲೆಮ್, ಬ್ರೋಡಿಯನ್ನು ಅವತ್ತೇ ಮೊದಲ ಸಲ ನೋಡುವವನ ಹಾಗೆ ನೋಡುತ್ತ.

ಬ್ರೋಡಿ ಬಾಯಲ್ಲಿದ್ದ ತುತ್ತನ್ನು ನುಂಗಲಿಲ್ಲ. ಬೆರಿಲ್ ಎದ್ದು, ಅವನ ಎದೆಯವರೆಗಷ್ಟೇ ಬರುವವಳು, ಅವನನ್ನು ತಬ್ಬಿಕೊಂಡು ಅತ್ತಳು. ಅಷ್ಟರಲ್ಲಿ ಅವನಿಗೆ ಫೋನು ಬಂತು. ಹೊರಗೆ ಹೋಗಿ ಮಾತಾಡಿ, ಮುಖ ಕೆಂಪಗೆ ಮಾಡಿಕೊಂಡು ಒಳಗೆ ಬಂದ.

"ಸೋಮವಾರ ಬೆಳಿಗ್ಗೆ ಏಳಕ್ಕೆ ತಾಲೀಮಂತೆ ಮಿಸೆಸ್ ಎಚ್. ಮೆಲ್ಬರ್ನಲ್ಲಿ," ಅಂದ ಬೆರಿಲ್‌ಗೆ.

"ಈ ಸೋಮವಾರಾನಾ?"

"ಈ ಸೋಮವಾರ."

ಬೆರಿಲ್ ಕಣ್ಣೊರೆಸಿಕೊಂಡಳು. "ನನ್ನ ಟಾಯ್ಲೆಟ್ಟು?"

ಬ್ರೋಡಿ ತನ್ನ ಬೂಟು ನೋಡಿಕೊಂಡ. "ಅಂಗಳದಲ್ಲಿದೆ."

ನೆಲಕ್ಕೆ ಹಾಕಿದ ಸಿಮೆಂಟು ಒಣಗಲು ಐದು ದಿನ ಬೇಕಿತ್ತು. ಟೈಲ್ಸ್ ಇನ್ನೂ ಬಂದಿರಲಿಲ್ಲ. ಎಂಬತ್ತು ಕಿಲೋಮೀಟರ್ ಆಚೆಯ ಪ್ಲಂಬರ್ ಫೆಬ್ರವರಿಗೆ ನೋಡೋಣ ಅಂದ. ಹಾಗಾಗಿ ಬೆರಿಲ್ ಟವೆಲ್ಲು ಹೆಗಲಿಗೆ ಹಾಕಿಕೊಂಡು ದಿನಾ ಬೇಲಿ ದಾಟಿ ಕ್ಲೆಮ್‌ನ ಮನೆಗೆ ಹೋಗಬೇಕಾಯಿತು.

ಕ್ಲೆಮ್ ಇಲ್ಲವೆನ್ನಲಿಲ್ಲ. ಆದರೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಎತ್ತರದ ಆಟಗಾರರನ್ನು ಇಪ್ಪತ್ತು ವಯಸ್ಸಿನ ಒಳಗೇ ಯಾಕೆ ಹಿಡಿಯಬೇಕು ಅನ್ನುವುದನ್ನು ವಿವರವಾಗಿ ಹೇಳುತ್ತಿದ್ದ. ಒಳಗಿದ್ದವಳು ಎದ್ದು ಹೋಗುವ ಹಾಗಿರಲಿಲ್ಲ. "ಮೂವತ್ತು ವರ್ಷದಲ್ಲಿ ಅವನ ಮಾತು ಪೂರ್ತಿ ಕೇಳಿದ್ದು ಈಗ್ಲೇ," ಅಂದಳು ನನ್ನ ಹತ್ತಿರ. "ಒಂದೆರಡು ಸರಿಯಾಗೇ ಇವೆ. ಅವನಿಗೆ ಹೇಳ್ಬೇಡ."

ಊರಿಗೂ ಬಿಸಿ ತಟ್ಟಿತು. ಶಾಲೆಯ ನಲ್ಲಿ ಸೋರಿತು, ಪಬ್ಬಿನ ಗಂಡಸರ ಶೌಚಾಲಯಕ್ಕೆ ಬೀಗ ಬಿತ್ತು. ಬೀಗದ ಮೇಲೆ ಯಾರೋ ಚೀಟಿ ಅಂಟಿಸಿದ್ದರು: "ಬೆರಿಲ್ ಕೃಪೆಯಿಂದ." ಅವಳು ಅದನ್ನು ಕಿತ್ತು ತಂದು ಬಸ್ಸಿನ ಗಾಜಿಗೆ ಹಚ್ಚಿಕೊಂಡಳು.

ಕ್ರಿಸ್‌ಮಸ್ ರಜೆಗೆ ಬ್ರೋಡಿ ಬಂದ. ಬಂದವನೇ ಬೆರಿಲ್ ಮನೆಗೆ ಹೋದ. ಆದರೆ ಭಾರ ಎತ್ತಬಾರದು, ಮೊಣಕಾಲೂರಬಾರದು ಅಂತ ಕ್ಲಬ್ಬಿನ ಕಟ್ಟಪ್ಪಣೆ. ಅವನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿ, ಎರಡೂ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಬೆರಳು ತೋರಿಸಿದ. ಅರವತ್ತು ದಾಟಿದ ಬೆರಿಲ್, ಎಪ್ಪತ್ತರ ಕ್ಲೆಮ್ ಟಬ್ಬು ಹೊತ್ತರು.

"ಎಡಕ್ಕೆ ಕ್ಲೆಮ್. ನಿಮ್ಮ ಎಡ ಅಲ್ಲ."

"ನನಗಿರೋದು ಒಂದೇ ಎಡ ಕಣಯ್ಯಾ," ಅಂದ ಕ್ಲೆಮ್ ಬೇಸಿನ್ನಿನ ಕೆಳಗಿನಿಂದ. ಆಮೇಲೆ ಅವನನ್ನು ಕಾಲು ಹಿಡಿದು ಹೊರಗೆಳೆಯಬೇಕಾಯಿತು.

ಮೂರನೆಯ ದಿನ ನೀರು ಬಂತು. ತಣ್ಣೀರಿನ ನಲ್ಲಿಯಲ್ಲಿ ಬಿಸಿ, ಬಿಸಿಯದರಲ್ಲಿ ತಣ್ಣೀರು. ಇವತ್ತಿಗೂ ಹಾಗೇ ಇದೆ.

ಜೂನಿನಲ್ಲಿ ಬ್ರೋಡಿಯ ಮೊದಲ ಪಂದ್ಯ. ಬೆರಿಲ್, ಕ್ಲೆಮ್ ಒಂದೇ ಕಾರಿನಲ್ಲಿ ನಾಲ್ಕು ಗಂಟೆ ಹೋದರು. ಬ್ರೋಡಿ ಆಡಿದ್ದು ಕಡಿಮೆ, ಬೆಂಚಿನಲ್ಲಿ ಕೂತಿದ್ದೇ ಹೆಚ್ಚು. ಆದರೆ ಆಟದ ಮೂರನೆಯ ಕ್ವಾರ್ಟರಿನಲ್ಲಿ ಇಬ್ಬರ ಹೆಗಲ ಮೇಲಿಂದ ಎಗರಿ ಚೆಂಡು ಹಿಡಿದ. ಗೋಲಿಗೆ ಒದ್ದದ್ದು ಅಡ್ಡಡ್ಡ ಹೋಯಿತು. ಅಷ್ಟು ಹೊತ್ತಿಗೆ ಬೆರಿಲ್‌ಗೆ ಕೂಗಿ ಕೂಗಿ ಸ್ವರ ಹೊರಡುತ್ತಿರಲಿಲ್ಲ. ಅವಳ ಪಾಲಿನದನ್ನೂ ಕ್ಲೆಮ್‌ನೇ ಕೂಗಿದನಂತೆ.

ಬ್ರೋಡಿ ಆಡಿದ್ದು ಒಟ್ಟು ಎರಡು ಪಂದ್ಯ. ಅಕ್ಟೋಬರಿನಲ್ಲಿ ಕ್ಲಬ್ಬು ಅವನನ್ನು ಕೈಬಿಟ್ಟಿತು. ಊರು ಒಳಗೊಳಗೇ ನೆಮ್ಮದಿಯ ಉಸಿರು ಬಿಟ್ಟಿತು, ಬಾಯಲ್ಲಿ ಛೇ ಅಂತು. ಬೆರಿಲ್ ಮಾತ್ರ ಒಂದು ವಾರ ಬೇಕರಿಗೆ ಬರಲಿಲ್ಲ. ಕೊನೆಗೆ ಬ್ರೋಡಿಯೇ ಅವಳನ್ನು ಕರೆತಂದ.

"ನಾನು ಸುಮ್ನಿದ್ದಿದ್ರೆ ಚೆನ್ನಾಗಿತ್ತು ಕಣಪ್ಪ," ಅಂದಳು.

"ನಲವತ್ತು ಸಾವಿರ ಜನ ಇದ್ರು ಮಿಸೆಸ್ ಎಚ್. ಎಗರಿದೆ, ಚೆಂಡು ಕೈಗೆ ಬಂತು. ನೀವು ಬರೀದಿದ್ರೆ ನಾನು ಅವತ್ತೂ ಯಾರದೋ ಪೈಪಲ್ಲಿ ಕೈ ಹಾಕ್ಕೊಂಡಿರ್ತಿದ್ದೆ."

ಅವಳು ಅವನಿಗೊಂದು ಪೈ ಕೊಡಿಸಿದಳು.

ನವೆಂಬರ್ ಬಂತು, ಮತ್ತೆ ಡ್ರಾಫ್ಟು. ಈ ಸಲ ಬೆರಿಲ್‌ನ ಕಣ್ಣು ಊರಿನ ಎಲೆಕ್ಟ್ರಿಷಿಯನ್ ಮೇಲಿತ್ತು.

"ಬೇಡ," ಅಂದ ಕ್ಲೆಮ್. "ಈ ಸಲ ಊರಿಗೆ ಯಾವ ಉಪಯೋಗಕ್ಕೂ ಬಾರದೋನು ಯಾರಾದ್ರೂ ಇದ್ರೆ ಹೇಳು."

"ನಿನ್ನ ಹೆಸರೂ ಬರೀಬಹುದಿತ್ತು," ಅಂದಳು ಬೆರಿಲ್, ಟೀಗೆ ಸಕ್ಕರೆ ಹಾಕಿಕೊಳ್ಳುತ್ತ. "ಆದ್ರೆ ನಿನ್ನ ಎತ್ತರ ಸಾಲದು."