ಬಾವಿಯಿಂದ ಬಂದ ಅಳು

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಒಂದು ದೆವ್ವ ಇತ್ತು. ನಗಬೇಡಿ, ಇಡೀ ಊರೇ ಸೇರಿ ಸಾಕಿದ ದೆವ್ವ ಅದು. ಗುಬ್ಬಿಗೆ ಹೋಗುವ ಗಾಡಿದಾರಿಯ ಪಕ್ಕ, ಪೊದೆಗಳ ನಡುವೆ ಒಂದು ಹಳೆಯ ಬಾವಿ ಇತ್ತು. ಅದಕ್ಕೆ ಕಟ್ಟೆಯಿರಲಿಲ್ಲ. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಕಟ್ಟೆ ಕಟ್ಟುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬದಲಿಗೆ ಮಕ್ಕಳು ಅತ್ತ ಸುಳಿಯದಿರಲಿ ಎಂದು ದೊಡ್ಡವರು ಒಂದು ಕಥೆ ಕಟ್ಟಿದ್ದರು. ಬಾವಿಯೊಳಗೆ ಒಬ್ಬಳಿದ್ದಾಳೆ, ಅಳುತ್ತಾ ಕರೆಯುತ್ತಾಳೆ, ಹತ್ತಿರ ಹೋದವರನ್ನು ಎಳೆದುಕೊಳ್ಳುತ್ತಾಳೆ. ಹೇಳಿ ಹೇಳಿ ಕೊನೆಗೆ ದೊಡ್ಡವರೂ ಅದನ್ನು ನಂಬಿಬಿಟ್ಟಿದ್ದರು.

ಈ ಕಥೆಯನ್ನು ಅಪ್ಪನಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ಮದುವೆಗೆ ಮುಂಚೆ ಒಮ್ಮೆ ಗುಬ್ಬಿ ಸಂತೆಯಿಂದ ಬರುವಾಗ ಬಾವಿಯೊಳಗಿನಿಂದ ಅವಳು ಅಪ್ಪನನ್ನು ಕರೆದಿದ್ದಳಂತೆ. ಅಪ್ಪ ಕಿವಿಗೆ ಟವೆಲು ಸುತ್ತಿಕೊಂಡು ಓಡಿ ಬಂದಿದ್ದನಂತೆ. ಅಪ್ಪ ಆ ದನಿ ಮಾಡಿ ತೋರಿಸಿದರೆ ನಾನು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ. ಅಕ್ಕ ಮಾತ್ರ ಅಲುಗಾಡದೆ ಕೂತಿರುತ್ತಿದ್ದಳು. ಎಲ್ಲರೂ ಹೂಂ ಅನ್ನುವ ಕಡೆ ‘ಯಾಕೆ’ ಅನ್ನುವುದು ಅವಳ ಸ್ವಭಾವ. ಅದಕ್ಕಾಗಿ ಅವಳು ತಿಂದ ಬೈಗುಳದಷ್ಟು ನಾನು ಮುದ್ದೆ ತಿಂದಿರಲಿಕ್ಕಿಲ್ಲ.

ಅದು ರಾಗಿ ಕೊಯ್ಲಿನ ಕಾಲ. ಶಾಲೆ ಬಿಟ್ಟು ಅಕ್ಕನೂ ನಾನೂ ಮನೆಗೆ ಬರುತ್ತಿದ್ದೆವು. ಹಸಿ ರಾಗಿಹುಲ್ಲಿನ ವಾಸನೆಯ ಜೊತೆಗೆ ಬಿಸಿ ಟಾರಿನ ವಾಸನೆಯೂ ಬೆರೆತು ಬರುತ್ತಿತ್ತು. ಕುಣಿಗಲ್ ಕಡೆಯಿಂದ ಬಂದ ರಸ್ತೆ ಕೆಲಸದವರು ಸ್ವಲ್ಪ ದೂರದ ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆಗ ಬಾವಿಯ ಕಡೆಯಿಂದ ‘ಅವ್ವಾ’ ಎಂದು ಸಣ್ಣಗೆ ಎಳೆದಂಥ ಅಳು ಕೇಳಿಸಿತು.

ಪಕ್ಕದ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಎಲ್ಲರಿಗೂ ಕೇಳಿಸಿತ್ತು. ಒಬ್ಬರ ಮುಖ ಒಬ್ಬರು ನೋಡಿ, ಕುಡುಗೋಲು ಎತ್ತಿಕೊಂಡು ಹೊಲದ ಆ ಕೊನೆಗೆ ಹೊರಟರು. ಒಬ್ಬ ಅಜ್ಜಿ ಮಾತ್ರ ನಮ್ಮನ್ನು ನೋಡಿ, “ನಿಂತ್ಕಬ್ಯಾಡ್ರೋ, ಮನೆಗ್ ಓಡ್ರಿ. ಅವ್ಳು ಸುರು ಹಚ್ಕಂಡವ್ಳೆ” ಎಂದು ಹೇಳಿ ಅವರ ಹಿಂದೆಯೇ ಹೋದಳು.

ನನ್ನ ಕಾಲು ಆಗಲೇ ಮನೆಯ ಕಡೆ ತಿರುಗಿತ್ತು. ಅಕ್ಕ ನನ್ನ ಕೈ ಬಿಡಲಿಲ್ಲ. “ದೆವ್ವಕ್ಕೆ ಅವ್ವ ಇರ್ತಾಳೇನೋ?” ಎಂದು ಕೇಳಿದಳು. ಆ ಪ್ರಶ್ನೆ ಊರಿನಲ್ಲಿ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

ಪೊದೆ ಸರಿಸಿ ನೋಡಿದರೆ, ಬಾವಿಯ ಗೋಡೆಯಲ್ಲಿ ಹುಟ್ಟಿದ ಅರಳಿಯ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಪುಟ್ಟ ಹುಡುಗಿ ಎದೆಮಟ್ಟ ನೀರಿನಲ್ಲಿ ನೇತಾಡುತ್ತಿದ್ದಳು. ರಸ್ತೆ ಕೆಲಸದವರ ಮಗು. ಹೊಸಬರಿಗೆ ನಮ್ಮೂರ ದೆವ್ವದ ಕಥೆ ಹೇಗೆ ಗೊತ್ತಿರಬೇಕು? ಕಾರೆಹಣ್ಣು ಕೀಳಲು ಬಂದು ಜಾರಿಬಿಟ್ಟಿದ್ದಳು. ಅಕ್ಕ ಹೊಲದವರನ್ನು ಗಂಟಲು ಹರಿಯುವಂತೆ ಕೂಗಿದಳು. ಬಾವಿಯ ಕಡೆಯಿಂದ ಎರಡನೆಯ ದನಿ ಬಂದದ್ದು ಕೇಳಿ ಅವರು ಇನ್ನೂ ಬೇಗ ನಡೆದರು.

“ಅಪ್ಪನ್ ತಾವ ಓಡು. ಹಗ್ಗ ತರಕ್ಕೆ ಹೇಳು. ದೆವ್ವ ಅಂತ ಬಾಯಿ ಬಿಡಬ್ಯಾಡ, ಬಾವಿಗೆ ಮಗು ಬಿದ್ದೈತೆ ಅನ್ನು” ಎಂದಳು ಅಕ್ಕ. ನಾನು ಮನೆಗೆ ಓಡಿ ಹಾಗೆಯೇ ಹೇಳಿದೆ. ಬಾವಿ ಎಂದ ಕೂಡಲೇ ಅಪ್ಪನ ಮುಖ ಬಿಳುಚಿಕೊಂಡಿತು. ಆದರೂ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಓಡಿದ.

ನಾವು ಹೋದಾಗ ಅಕ್ಕ ಬಾವಿಯ ಅಂಚಿನಲ್ಲಿ ಬೋರಲು ಮಲಗಿ ಮಗುವಿನ ಜೊತೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ನಮ್ಮ ಎಮ್ಮೆಯ ಕರುವಿನ ಚೇಷ್ಟೆ, ಶಾಲೆಯ ಸುದ್ದಿ, ಏನೇನೋ. ಮಾತು ನಿಂತರೆ ಮಗು ಕೈ ಬಿಡುತ್ತದೆಂದು ಅವಳಿಗೆ ಭಯ. ಅಪ್ಪ ಹಗ್ಗವನ್ನು ಪಕ್ಕದ ಮರಕ್ಕೆ ಬಿಗಿದು ಇಳಿದು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ಬಂದ. ಸುದ್ದಿ ತಿಳಿದು ಓಡಿ ಬಂದ ತಾಯಿ ಮಗುವಿನ ಬೆನ್ನಿಗೆ ಎರಡು ಏಟು ಕೊಟ್ಟು, ಆಮೇಲೆ ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮಾತಾಡಿ ಮಾತಾಡಿ ಅಕ್ಕನ ದನಿಯೇ ಬಿದ್ದುಹೋಗಿತ್ತು.

ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಊರವರು ಸೇರಿದರು. “ಅವ್ಳೇ ಮನಸ್ ಮಾಡಿ ಬುಟ್ಲು ಕಣಪ್ಪ” ಎಂದರು ಒಬ್ಬರು. ಉಳಿದವರು ತಲೆ ಆಡಿಸಿದರು. ಅಪ್ಪ ನೆಲ ನೋಡುತ್ತಲೇ ಕೇಳಿದ: “ಹಂಗಾರೆ ಸಂತೆಯಿಂದ ಬರುವಾಗ ಅವತ್ತು ನಾನು ಕೇಳಿದ್ನಲ್ಲ, ಆ ಅಳು ಯಾರ್ದು?”

ಅಲ್ಲಿ ಸೇರಿದವರಲ್ಲಿ ಬಹಳ ಮಂದಿ ಒಂದಲ್ಲ ಒಂದು ದಿನ ಆ ಅಳು ಕೇಳಿ ಓಡಿ ಬಂದವರೇ. ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಮರುದಿನವೇ ಅಪ್ಪ ಗಾಡಿಯಲ್ಲಿ ಕಲ್ಲು ಹೇರಿಕೊಂಡು ಹೋಗಿ ಬಾವಿಗೆ ಕಟ್ಟೆ ಕಟ್ಟತೊಡಗಿದ. ಅವಳನ್ನು ಕೆಣಕಬೇಡ ಎಂದು ಕೆಲವರು ಹೆದರಿಸಿದರು. ಬಾವಿ ನಿನ್ನದಲ್ಲವಲ್ಲ, ನಿನಗ್ಯಾಕೆ ಊರ ಉಸಾಬರಿ ಎಂದರು ಇನ್ನು ಕೆಲವರು. ಅಪ್ಪ ಯಾರಿಗೂ ಎದುರಾಡಲಿಲ್ಲ. ಅಕ್ಕ ಒಬ್ಬಳೇ ಮಣ್ಣು ಕಲಸಿ ಕೊಟ್ಟಳು. ಅಪ್ಪ ಮತ್ತೆಂದೂ ಆ ಕಥೆ ಹೇಳಲಿಲ್ಲ. ಆದರೆ ವಯಸ್ಸಾದ ಮೇಲೂ ಆ ದಾರಿಯಲ್ಲಿ ಹೋಗುವಾಗ ಕಟ್ಟೆಗೆ ಒರಗಿ, ಬಾವಿಯೊಳಗೆ ಬಗ್ಗಿ, “ಯಾರಾದ್ರೂ ಇದ್ದೀರಾ?” ಎಂದು ಕೇಳುತ್ತಿದ್ದ. ಕೆಳಗಿನಿಂದ ಅವನದೇ ದನಿ ವಾಪಸು ಬರುತ್ತಿತ್ತು.

ಈಗ ಆ ಬಾವಿ ಮುಚ್ಚಿ ಸೈಟು ಮಾಡಿದ್ದಾರೆ. ನನ್ನ ಮೊಮ್ಮಕ್ಕಳಾದ ನೀವು ಪೇಟೆಯಲ್ಲಿ, ಶಿರಾ ಗೇಟ್ ಹತ್ತಿರ ಮೂರನೇ ಮಹಡಿಯಲ್ಲಿ ಬೆಳೆಯುತ್ತಿದ್ದೀರಿ. ದೆವ್ವವೆಂದರೆ ನಿಮಗೆ ಚಿಪ್ಸ್ ತಿನ್ನುತ್ತಾ ನೋಡುವ ಸಿನಿಮಾ. ಮೊನ್ನೆ ಮಧ್ಯಾಹ್ನ ಮೇಲಿನ ಮನೆಯಿಂದ ಯಾರೋ ಅತ್ತಂತೆ ಕೇಳಿಸಿತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದರೆ ನೀವು, “ತಾತ, ಅದು ಟೀವಿ ಸೌಂಡು, ಕೂತ್ಕೋ” ಎಂದಿರಿ. ಹೋಗಿ ನೋಡಿದರೆ ಟೀವಿಯೇ ಆಗಿತ್ತು. ಸಂಜೆಯವರೆಗೂ ನನ್ನನ್ನು ಆಡಿಕೊಂಡು ನಕ್ಕಿರಿ. ನಗಿ, ಪರವಾಗಿಲ್ಲ. ಮತ್ತೆ ಕೇಳಿಸಿದರೆ ಮತ್ತೆ ಹೋಗುತ್ತೇನೆ. ಮೆಟ್ಟಿಲು ಹತ್ತಲು ಈಗ ಮಂಡಿ ನೋಯುತ್ತದೆ, ನಿಮ್ಮಲ್ಲಿ ಒಬ್ಬರು ಜೊತೆಗೆ ಬನ್ನಿ.