ಹಂಚಿನ ಪ್ರೆಸ್ಸಿನ ಕೆಳಗೆ ಬಾಳೆದಿಂಡು

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಬಂಟ್ವಾಳದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್ ಇತ್ತು. ಹತ್ತಿರದ ಹಂಚಿನ ಕಾರ್ಖಾನೆಯ ಧನಿಗಳು ತಮ್ಮ ಪ್ರೆಸ್ಸಿಗೊಂದು ಕಾವಲು ಬೇಕೆಂದರು. ಅಚ್ಚಿನ ಮೇಲೆ ಮಣ್ಣು ಇಡುವ ಹೆಂಗಸಿನ ಕೈ ಒಳಗಿದ್ದರೆ ಪ್ರೆಸ್ಸು ಕೂಡಲೇ ನಿಲ್ಲಬೇಕು. ಅದಕ್ಕೆ ಸರ್ಕ್ಯೂಟ್ ಬೋರ್ಡು ನಾನು ಮಾಡಿದೆ, ಅದರೊಳಗಿನ ಪ್ರೋಗ್ರಾಮನ್ನು ಮೂಡುಬಿದಿರೆಯಲ್ಲಿ ಮೇಷ್ಟ್ರಾಗಿದ್ದ ಗೆಳೆಯ ಬರೆದ. ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು ದೊಡ್ಡದು, ಕೆಲಸ ಇಷ್ಟೆ: ಬೋರ್ಡಿನ ಒಂದೇ ಚಿಪ್ಪಿನ ಮುಂದೆ ಹಲವು ಕೆಲಸಗಳು ಸಾಲು ನಿಂತಾಗ ತುರ್ತಿನದನ್ನು ಮೊದಲು ಬಿಡುವುದು. ಹಂಚಿನ ಎಣಿಕೆಯೂ ಆಫೀಸಿನ ಕಂಪ್ಯೂಟರಿಗೆ ಬರಬೇಕೆಂದು ಧನಿಗಳು ಹಟ ಹಿಡಿದರು. ಅದನ್ನೂ ಸೇರಿಸಿ ಬೋರ್ಡನ್ನು ಪ್ರೆಸ್ಸಿಗೆ ಕೂರಿಸಿದೆವು.

ಇನ್ನು ಅಳೆಯಬೇಕಿತ್ತು. ಕೈ ಕಂಡ ಮೇಲೆ ಪ್ರೆಸ್ಸು ನಿಲ್ಲಲು ಎಷ್ಟು ಹೊತ್ತು ಬೇಕು, ಅದೂ ಕಾರ್ಖಾನೆ ಪೂರ್ತಿ ಓಡುತ್ತಿರುವಾಗ. ಆದರೆ ನಾನು ಗೇಟು ದಾಟಿದರೆ ಸಾಕು, ಮೇಸ್ತ್ರಿ ಕೈ ಎತ್ತುತ್ತಿದ್ದ. ಹಂಚು ಸಾಗಿಸುವ ಬೆಲ್ಟು ನಿಂತಿತು, ಮಣ್ಣು ಅರೆಯುವ ಯಂತ್ರ ನಿಂತಿತು, ಕುರ್ಚಿ ಬಂತು, ಚಾ ಬಂತು.

"ಯಾಕೆ ನಿಲ್ಲಿಸಿದ್ದು ಮಾರಾಯ್ರೆ? ಎಲ್ಲ ಓಡ್ತಾ ಇರ್ಬೇಕು!"

"ನೀವು ಬಂದಿರುವಾಗ ಗಲಾಟೆ ಮಾಡುದಾ ಸರ್? ಮೊದಲು ಚಾ ಕುಡಿಯಿರಿ."

ಬೆಲ್ಟು ನಿಂತರೆ ಎಣಿಸಲು ಹಂಚೇ ಇಲ್ಲ. ಪ್ರೆಸ್ಸೊಂದನ್ನೇ ಓಡಿಸಿ ಅಳೆದರೆ, ಬೇರೆ ಕೆಲಸವಿಲ್ಲದೆ ಕುಳಿತ ಬೋರ್ಡು ಕೈಯನ್ನು ಬಲು ಬೇಗ ಕಾಣುತ್ತಿತ್ತು. ಹೋದಾಗಲೆಲ್ಲ ಇದೇ ಕತೆ. ಸಿಟ್ಟಿನಿಂದ ಚಾ ಬಿಟ್ಟು ಎದ್ದರೆ ಸಕ್ಕರೆ ಕಡಿಮೆಯಾಯಿತೇನೋ ಎಂದು ಅವನು ಮತ್ತೊಂದು ತರಿಸುತ್ತಿದ್ದ. ಇವರ ಮರ್ಯಾದೆಯಿಂದ ತಪ್ಪಿಸಿಕೊಳ್ಳುವ ಬಗೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಧನಿಗಳಂತೂ ಆ ಒಳ್ಳೆಯ ಅಂಕಿಗಳನ್ನೇ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದರು.

ಕೊನೆಗೊಂದು ದಿನ ತಾಳ್ಮೆ ಕೆಟ್ಟಿತು. ಕುರ್ಚಿಯನ್ನು ಬದಿಗೆ ತಳ್ಳಿ, ನಾನೇ ಕಿರುಚಿ ಎಲ್ಲ ಯಂತ್ರಗಳನ್ನೂ ಓಡಿಸಿದೆ. ಎಣಿಕೆ ತರಿಸಿಕೊಳ್ಳುವಂತೆ ಆಫೀಸಿನ ಗುಮಾಸ್ತನಿಗೆ ಹೇಳಿ ಕಳುಹಿಸಿದೆ. ಹಿತ್ತಲಿಂದ ತಂದ ಬಾಳೆದಿಂಡನ್ನು ಕೈಯ ಬದಲಿಗೆ ಪ್ರೆಸ್ಸಿನೊಳಗೆ ಚಾಚಿದೆ. ಪ್ರೆಸ್ಸು ನಿಂತಿತು. ಮತ್ತೆ ಚಾಚಿದೆ, ನಿಂತಿತು. ಮತ್ತೊಮ್ಮೆ ಚಾಚಿದಾಗ ಎಣಿಕೆ ಆಫೀಸಿಗೆ ಹೋಗುತ್ತಿತ್ತು. ಆ ಕೆಲಸ ಮುಗಿಯುವವರೆಗೆ ಚಿಪ್ಪು ಬೇರೆ ಯಾವುದಕ್ಕೂ ಕಿವಿಗೊಡಲಿಲ್ಲ. ಪ್ರೆಸ್ಸು ಪೂರ್ತಿ ಇಳಿದೇ ನಿಂತಿತು. ದಿಂಡು ಅಪ್ಪಚ್ಚಿಯಾಗಿ, ರಸ ನನ್ನ ಅಂಗಿಗೆ ಹಾರಿತು.

ಮಣ್ಣು ಇಡುವ ಹೆಂಗಸು ಪಕ್ಕದಲ್ಲೇ ನಿಂತಿದ್ದಳು.

ಗೆಳೆಯನಿಗೆ ಆಫೀಸಿನಿಂದಲೇ ಫೋನು ಮಾಡಿದೆ. ಎಣಿಕೆಯ ಭಾಗವನ್ನು ಬಿಚ್ಚಿ ಹೊಸದಾಗಿ ಬರೆಯಬೇಕು, ವಾರವಾದರೂ ಬೇಕು ಎಂದ. ಧನಿಗಳಿಗೆ ಅದು ಹಿಡಿಸಲಿಲ್ಲ.

"ಸರಾಸರಿ ನೋಡಿದರೆ ಒಳ್ಳೆದೇ ಉಂಟಲ್ಲ? ಎಲ್ಲೋ ಒಂದು ಸಲ ಹೀಗಾಗ್ತದೆ. ಅಷ್ಟರವರೆಗೆ ಹೀಗೇ ಓಡಿಸುವ."

"ಹಾಗಾದರೆ ಎಣಿಕೆಯ ವಯರನ್ನಾದರೂ ತೆಗೀತೇನೆ."

"ಲೆಕ್ಕ ಬೇಡವಾ ನನಗೆ?"

"ಮೊದಲು ಅವಳ ಬೆರಳಿನ ಲೆಕ್ಕ ಇಟ್ಟುಕೊಳ್ಳಿ!" ಎಂದುಬಿಟ್ಟೆ. ಧನಿಗಳ ಮುಖ ಕೆಂಪಾಯಿತು. ಅವರೆದುರು ಯಾರೂ ಹಾಗೆ ಮಾತಾಡಿದ್ದಿಲ್ಲವೇನೋ.

ಜಗಳ ತಿಳಿಯಾಗಲೆಂದು ಮೇಸ್ತ್ರಿ ನಡುವೆ ಬಂದ. ಹೆಂಗಸಿನ ಕಡೆ ತಿರುಗಿ, "ಹೋಗು, ಕೆಲಸ ಶುರು ಮಾಡು. ಸರ್ ಇದ್ದಾರಲ್ಲ, ಏನೂ ಆಗುದಿಲ್ಲ" ಎಂದ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನೇರ ಹೋಗಿ, ಪ್ರೆಸ್ಸಿನ ಕಡೆ ನೋಡದೆಯೇ ಅಚ್ಚಿನ ಮೇಲೆ ಮಣ್ಣು ಇಟ್ಟಳು. ಬೋರ್ಡು ಬರುವ ಮೊದಲು ಪ್ರತಿ ಸಲ ಕತ್ತು ಎತ್ತಿ ನೋಡಿ, ಆಮೇಲೆ ಕೈ ಹಾಕುತ್ತಿದ್ದವಳು ಅವಳು. ಈಗ ಬೋರ್ಡನ್ನೂ ನನ್ನನ್ನೂ ನಂಬಿ ನೋಡುವುದನ್ನೇ ಬಿಟ್ಟಿದ್ದಳು. ಪ್ರೆಸ್ಸಿನ ಸ್ವಿಚ್ಚು ಆರಿಸಿ, ಧನಿಗಳು ಬೈಯುತ್ತಿದ್ದಂತೆಯೇ ಬೋರ್ಡನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. "ಇನ್ನು ಪ್ರೆಸ್ಸು ತಾನಾಗಿ ನಿಲ್ಲುವುದಿಲ್ಲ, ನೋಡಿಕೊಂಡು ಕೈ ಹಾಕು" ಎಂದು ಅವಳಿಗೆ ಹೇಳಿದೆ.