ಮಗ್ಗ ಬರಿದು ಮಾಡಿದ ದಿನ

ನಮ್ಮ ಮನೆಯವರು ಗೆಲ್ಲಬೇಕೆಂದು ಹೊರಟದ್ದು ಮೂರ್ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ಮೇಲೆ. ಅದಕ್ಕೂ ಮೊದಲು ನಾವು ಸೋತಿದ್ದೆವು ಎಂಬುದೇ ನನಗೆ ಗೊತ್ತಿರಲಿಲ್ಲ. ಬೆಳಗಾವಿಯ ಶಹಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಸಾವುಕಾರರು ನೂಲು ಕೊಡುತ್ತಿದ್ದರು, ನಾವು ಸೀರೆ ನೇಯ್ದು ಕೊಡುತ್ತಿದ್ದೆವು, ಮಜೂರಿ ಬರುತ್ತಿತ್ತು. ಖಾನಾಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆ ಸಪ್ಪಳಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಆಮೇಲೆ ಕರೆಂಟು ಹೋಗಿ ಸಪ್ಪಳ ನಿಂತರೇ ಗಾಬರಿಯಾಗುವಷ್ಟು ರೂಢಿಯಾಯಿತು.

ಇವರ ಗೆಳೆಯರೊಬ್ಬರು ಇವರನ್ನು ಒಂದು ಕ್ಲಾಸಿಗೆ ಕರೆದುಕೊಂಡು ಹೋದರು. ಬೆಳಗಾವಿಯ ಒಂದು ಮಂಗಲ ಕಾರ್ಯಾಲಯದಲ್ಲಿ ರವಿವಾರಕ್ಕೊಮ್ಮೆ ನಡೆಯುತ್ತಿತ್ತು. ಯಶಸ್ಸು ಹೇಗೆ ಪಡೆಯಬೇಕು ಎಂದು ಒಬ್ಬ ಸರ್ ಹೇಳಿಕೊಡುತ್ತಿದ್ದರು. ಇವರು ಮನೆಗೆ ಬಂದು ಅದನ್ನು ನನಗೆ ಒಪ್ಪಿಸುತ್ತಿದ್ದರು.

"ಎಲ್ಲಾ ನಮ್ಮ ವಿಚಾರದಾಗ ಐತಿ ನೋಡು. ನಾ ಮಜೂರಿಯಂವ ಅಂತ ತಿಳಕೊಂಡ್ರ ಮಜೂರಿಯಂವ ಆಗೇ ಉಳೀತೇನಿ. ನಾ ಸಾವುಕಾರ ಅಂತ ತಿಳಕೊಂಡ್ರ ದಾರಿ ತಾನ ತೆರೀತೈತಿ."

"ಹಂಗಾರ ಸಾವುಕಾರ್ರ, ಸಂತಿಗೆ ಹೋಗಿ ಕಾಯಿಪಲ್ಲೆ ತಗೊಂಬರ್ರಿ," ಎಂದೆ ನಾನು.

ಇವರು ನಕ್ಕು ಚೀಲ ತೆಗೆದುಕೊಂಡು ಹೋದರು. ಆಗಿನ್ನೂ ಚೇಷ್ಟೆಗೆ ನಗುತ್ತಿದ್ದರು. ಖರೇ ಹೇಳಬೇಕೆಂದರೆ ನನಗೂ ಒಳಗೊಳಗೇ ಹಿಗ್ಗಾಗಿತ್ತು. ಬೆನ್ನು ಬಾಗಿಸಿಕೊಂಡು ಓಡಾಡುತ್ತಿದ್ದ ಮನುಷ್ಯ ಎದೆ ಎತ್ತಿ ನಡೆಯತೊಡಗಿದ್ದರು. ಇನ್ನು ಸಾವುಕಾರರ ಸೀರೆ ಬೇಡ, ನಮ್ಮದೇ ಸೀರೆ ನೇಯೋಣ, ನಾವೇ ಅಂಗಡಿಗಳಿಗೆ ಕೊಡೋಣ ಎಂದರು. ಯಾವ ಹೆಂಡತಿಗೆ ಬೇಡವೆನಿಸುತ್ತದೆ?

ಇಲ್ಲಿ ನೇಕಾರರ ಮನೆಯ ಒಂದು ರೂಢಿ ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಅನ್ನುತ್ತಾರೆ. ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಂದೊಂದು ತಂತಿಯ ಕಣ್ಣು ತೂರಿ, ಬಾಚಣಿಗೆಯಂಥ ಫಣಿಯ ಸಂದಿಯಲ್ಲಿ ಹಾಯ್ದು ಬರುತ್ತದೆ. ಒಂದು ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ನೇಯುವುದಿಲ್ಲ. ಕೊನೆಯ ತುಂಡನ್ನು ಮಗ್ಗದಲ್ಲೇ ಬಿಟ್ಟು, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೆಚ್ಚುತ್ತಾರೆ. ಆಮೇಲೆ ಹಳೆಯದನ್ನು ಎಳೆದರೆ ಸಾಕು, ಹೊಸದು ಅದರ ಬೆನ್ನಿಗೇ ಎಲ್ಲ ಕಣ್ಣುಗಳನ್ನೂ ದಾಟಿ ಬರುತ್ತದೆ. ನಮ್ಮ ಮಾವ ಆ ಮಗ್ಗಗಳನ್ನು ಕೂಡಿಸಿದ ದಿನದಿಂದ ಹೀಗೆ ಒಂದಕ್ಕೊಂದು ಕೆಚ್ಚಿಕೊಂಡೇ ಬಂದಿತ್ತು. ಮಾವ ತೀರಿಕೊಂಡಾಗ ಮಗ್ಗ ನಿಂತವು, ಆದರೆ ಎಳೆ ಮಾತ್ರ ಹಾಗೇ ಇದ್ದವು. ಬರಿ ಮಗ್ಗ ಮನೆಯಲ್ಲಿ ಇರಬಾರದು ಎನ್ನುತ್ತಿದ್ದರು ಅತ್ತೆ.

ಕ್ಲಾಸಿನ ಕೊನೆಯ ರವಿವಾರ ಸರ್ ಒಂದು ಕೆಲಸ ಕೊಟ್ಟರು. ವಿಚಾರ ಮಾಡಿದ್ದು ಸಾಕು, ಈ ವಾರ ಎಲ್ಲರೂ ತಿರುಗಿ ಬರಲಾಗದಂಥ ಒಂದು ಹೆಜ್ಜೆ ಇಡಬೇಕು ಎಂದರು. ಒಬ್ಬರು ತಂಬಾಕು ಬಿಟ್ಟರಂತೆ. ಒಬ್ಬರು ನಸುಕಿನಲ್ಲಿ ಎದ್ದು ಓಡತೊಡಗಿದರಂತೆ. ನಮ್ಮವರು ನೇಕಾರರು, ಅವರಿಗೆ ತಿರುಗಿ ಬರಲಾಗದ ಹೆಜ್ಜೆ ಎಂದರೆ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಬ್ಲೇಡು ಹಿಡಿದು ಮಗ್ಗದ ಮುಂದೆ ನಿಂತರು.

"ಒಂದರ ಬಿಡ್ರಿ," ಎಂದೆ. "ನಮ್ಮದು ಒಂದರಾಗ ನೇಯೋಣು, ಸಾವುಕಾರ್ರದು ಇನ್ನೊಂದರಾಗ ಇರವಲ್ದ್ಯಾಕ."

"ಒಂದ ಕಾಲ ಒಳಗ, ಒಂದ ಕಾಲ ಹೊರಗ ಇಟ್ಟವ್ರು ಎಲ್ಲೂ ಮುಟ್ಟೂದಿಲ್ಲ," ಎಂದರು ಇವರು. ಅದೂ ಸರ್ ಹೇಳಿದ ಮಾತೇ.

ಎರಡೂ ಮಗ್ಗದ ಎಳೆಗಳನ್ನು ಕತ್ತರಿಸಿ, ಫಣಿಯಿಂದ ಜಗ್ಗಿ ತೆಗೆದರು. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಲು ಫೋಟೋ ಬೇಕೆಂದರು. ನಾನೇ ತೆಗೆದೆ. ಅತ್ತೆ ಅಡುಗೆ ಮನೆಯಿಂದ ಹೊರಗೆ ಬರಲಿಲ್ಲ. ಗುಂಪಿನಲ್ಲಿ ಸಂಜೆಯವರೆಗೂ ಹೂವಿನ ಗುಚ್ಛ, ಚಪ್ಪಾಳೆಯ ಚಿತ್ರಗಳು ಬರುತ್ತಲೇ ಇದ್ದವು.

ನಮ್ಮ ಹೊಸ ಸೀರೆಗೆ ನೂಲು ಸಣ್ಣದು, ಎಳೆಗಳ ಲೆಕ್ಕವೇ ಬೇರೆ. ಹಳೆಯ ತುಂಡು ಇದ್ದರೂ ಅದಕ್ಕೆ ಕೂಡುತ್ತಿರಲಿಲ್ಲ, ಎಲ್ಲವನ್ನೂ ಮೊದಲಿನಿಂದ ತುಂಬಬೇಕಾಯಿತು. ಆ ಕೆಲಸ ಬಲ್ಲ ಮುದುಕರು ಓಣಿಯಲ್ಲಿ ಈಗ ಉಳಿದಿಲ್ಲ. ಹೀಗಾಗಿ ನಾವಿಬ್ಬರೇ ಕುಳಿತೆವು. ನಾನು ಹಿಂದೆ ಕುಳಿತು ಒಂದೊಂದೇ ಎಳೆ ಬಿಡಿಸಿ ಕೊಡುವುದು, ಇವರು ಮುಂದೆ ಕುಳಿತು ಸಣ್ಣ ಕೊಕ್ಕೆಯಿಂದ ಅದನ್ನು ಎಳೆದುಕೊಳ್ಳುವುದು. ವಾರಗಟ್ಟಲೆ ನಡೆಯಿತು. ಕುತ್ತಿಗೆ ಹಿಡಿದುಕೊಂಡಿತು, ಕಣ್ಣು ಉರಿದವು. ಆದರೂ ಅಷ್ಟು ಹೊತ್ತು ನಾವು ಎದುರುಬದುರು ಕುಳಿತು ಮಾತಾಡಿದ್ದು ಮದುವೆಯಾದಮೇಲೆ ಅದೇ ಮೊದಲು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುವುದಿಲ್ಲ.

ಸೀರೆ ಚೆನ್ನಾಗಿ ಬಂದವು. ಹೊಗಳಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಮೈಮೇಲೆ ನಿಲ್ಲುವ ಸೀರೆಗಳು. ಬೆಳಗಾವಿಯ ಅಂಗಡಿಗಳಲ್ಲಿ ಇಟ್ಟು ಹೋಗಿ, ನೋಡೋಣ ಎಂದರು. ಖಾನಾಪುರದಲ್ಲಾದರೆ ನನ್ನ ತವರಿನ ಗುರುತಿದೆಯಲ್ಲ ಎಂದು ಗಂಟು ಕಟ್ಟಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಪೇಟೆಯ ಅಂಗಡಿಯವರು ನಾನು ಲಂಗ ಉಡುವಾಗಿನಿಂದ ನನ್ನನ್ನು ಬಲ್ಲವರು. ಒಬ್ಬ ಹಿರಿಯರು ಸೀರೆಯ ಮೇಲೆ ಕೈಯಾಡಿಸಿ, ಮರಾಠಿಯಲ್ಲಿ ಚೆಂದ ಇದೆ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ನನಗೆ ಹೇಳಿದರು.

"ಛಲೋ ನೇಯ್ದೀರವಾ. ಆದ್ರ ಇದರ ಅರ್ಧಾ ರೇಟಿಗೆ ಸುರತ್ ಸೀರಿ ಬರ್ತಾವ. ಮಂದಿ ನೇಯ್ಗಿ ನೋಡೂದಿಲ್ಲ, ಬಣ್ಣಾ ನೋಡ್ತಾರ. ನಾ ಇಟಗೊಂಡು ಏನ್ ಮಾಡ್ಲಿ?"

ಗಂಟು ಬಿಚ್ಚಿದ ಹಾಗೇ ಕಟ್ಟಿಕೊಂಡು ವಾಪಸು ಬಂದೆವು. ತವರಿನಲ್ಲಿ ಊಟಕ್ಕೂ ನಿಲ್ಲಲಿಲ್ಲ.

ಇಷ್ಟೇ ಆಗಿದ್ದರೆ ಪೇಟೆ ಸರಿಯಿಲ್ಲ ಎಂದು ಬೈದು ಸುಮ್ಮನಾಗಬಹುದಿತ್ತು. ಆದರೆ ಇವರಿಗೆ ಹಾಗೆ ಬೈಯುವ ಸುಖವೂ ಉಳಿದಿರಲಿಲ್ಲ. ಸೀರೆ ಮಾರಾಟವಾಗಲಿಲ್ಲವೆಂದರೆ ನಂಬಿಕೆ ಕಡಿಮೆಯಾಯಿತು ಎಂದೇ ಅರ್ಥ ಎಂದು ಕ್ಲಾಸಿನಲ್ಲಿ ಹೇಳಿದ್ದರಂತೆ. ಇವರು ಕೂತಲ್ಲಿ ನಿಂತಲ್ಲಿ ತಮ್ಮನ್ನೇ ಬೈದುಕೊಳ್ಳತೊಡಗಿದರು. "ನನ್ನ ಮನಸಿನಾಗ ಎಲ್ಲೋ ಅಂಜಿಕಿ ಐತಿ, ಅದಕ್ಕ ಹಿಂಗಾಗಾಕತ್ತೈತಿ," ಎನ್ನುತ್ತಿದ್ದರು. ನನಗೆ ರೇಗಿ ಹೋಗುತ್ತಿತ್ತು. ದಿನವಿಡೀ ದುಡಿದ ಮನುಷ್ಯನಿಗೆ ನಿನ್ನ ದುಡಿತ ಸರಿ, ನಿನ್ನ ಮನಸ್ಸೇ ಸರಿಯಿಲ್ಲ ಎಂದು ಹೇಳಿಕೊಟ್ಟವರ ಬಾಯಿಗೆ ಏನು ಹಾಕಬೇಕು?

ಕೊನೆಗೆ ಸಾವುಕಾರರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಅವರು ಬೈಯಲಿಲ್ಲ. ಚಹಾ ತರಿಸಿದರು.

"ಹಳೇ ಎಳಿ ಇದ್ದಿದ್ರ ನಾಳಿನ ನಮ್ಮ ಹಾಸು ಕೆಚ್ಚಿ ಚಾಲೂ ಮಾಡಬಹುದಿತ್ತ," ಎಂದರು. "ಈಗ ನಿಮ್ಮ ಮಗ್ಗದಾಗ ಇರೂ ಎಳಿಗೆ ನಮ್ಮದು ಕೂಡೂದಿಲ್ಲ. ನೀವ ಮತ್ತ ಎಲ್ಲಾ ತುಂಬೂದ್ರಾಗ ಹಬ್ಬ ಮುಗದು ಹೋಗ್ತಾವ. ನಾ ಬ್ಯಾರೆ ಮನಿಗೆ ಕೊಟ್ಟಬಿಟ್ಟೇನ್ರಿ."

ಹೊಸ ನೂಲಿಗೆ ಮಾಡಿದ ಸಾಲ ತೀರಿಸಲು ಮಗ್ಗಗಳನ್ನು ಮಾರಬೇಕಾಯಿತು, ಗುಜರಿಯವರು ಬಂದು ಒಯ್ದರು. ಬಾಗಿಲಲ್ಲಿ ಹಿಡಿಯಲಿಲ್ಲವೆಂದು ಒಳಗೇ ಸುತ್ತಿಗೆಯಿಂದ ಒಡೆದು ತುಂಡು ಮಾಡಿ ಹೊರಗೆ ಹಾಕಿದರು. ಇವರು ಮೊದಲೇ ಎಲ್ಲಿಗೋ ಎದ್ದು ಹೋಗಿದ್ದರು. ಅತ್ತೆ ಮಗ್ಗವಿದ್ದ ನೆಲವನ್ನು ಒರೆಸಿ, ವಿಭೂತಿ ಹಚ್ಚಿ, ಒಳಗೆ ಹೋಗಿ ಮಲಗಿದರು. ನಾನು ಬಾಗಿಲಿಗೆ ಒರಗಿ ಎಲ್ಲರ ಎದುರೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಈಗ ಇವರು ಊರ ಹೊರಗೆ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಎರಕ ಹೊಯ್ದ ಕಬ್ಬಿಣದ ಭಾಗಗಳ ಅಂಚು ಉಜ್ಜುವ ಕೆಲಸ. ಬೆರಳ ತುದಿಗಳು ಗಟ್ಟಿಯಾಗಿ, ಅಂಗಿಯ ಗುಂಡಿ ಹಾಕಿಕೊಳ್ಳುವುದೂ ತಡವಾಗುತ್ತದೆ. ಹೆಚ್ಚು ಮಾತಿಲ್ಲ. ಚೇಷ್ಟೆ ಮಾಡಿದರೆ ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ.

ಕಳೆದ ತಿಂಗಳು ಕ್ಲಾಸಿನ ಸರ್ ಫೋನು ಮಾಡಿದರು. ಖಾನಾಪುರದಲ್ಲಿ ಹೊಸ ಕ್ಲಾಸು ಶುರುವಾಗುತ್ತಿದೆ, ನಿಮ್ಮಷ್ಟು ಧೈರ್ಯದ ಹೆಜ್ಜೆ ಇಟ್ಟವರು ಯಾರೂ ಇಲ್ಲ, ಬಂದು ನಾಲ್ಕು ಮಾತು ಹೇಳಿ ಎಂದರು. ಈಗ ಹೇಗಿದ್ದೀರಿ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹೋಗಬೇಡಿ ಎನ್ನಬೇಕೆಂದುಕೊಂಡೆ. ಆದರೆ ಇವರು ಆಗಲೇ ಒಳ್ಳೆಯ ಅಂಗಿ ಹುಡುಕುತ್ತಿದ್ದರು. ಮಾತಾಡು ಬಾ ಎಂದು ಇವರನ್ನು ಯಾರಾದರೂ ಕರೆದು ಎಷ್ಟು ದಿನವಾಗಿತ್ತು. ಸುಮ್ಮನೆ ಇಸ್ತ್ರಿ ಮಾಡಿಕೊಟ್ಟೆ.

ಖಾನಾಪುರಕ್ಕೆ ನಾನೂ ಜೊತೆಗೆ ಹೋದೆ. ಇವರು ಬಹಳ ಚೆನ್ನಾಗಿ ಮಾತಾಡಿದರು. ಮಾವ ಕೂಡಿಸಿದ ಮಗ್ಗ, ಕೆಚ್ಚುವ ರೂಢಿ, ಬ್ಲೇಡು, ನನ್ನ ಹೆದರಿಕೆ, ಎಲ್ಲ ಹೇಳಿದರು. ಎಳೆ ಕತ್ತರಿಸಿದಲ್ಲಿಗೆ ಬಂದು ನಿಲ್ಲಿಸಿ ಕೈ ಮುಗಿದರು. ಮುಂದೇನಾಯಿತೆಂದು ಹೇಳಲೇ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ನನ್ನ ಬಾಜು ಕುಳಿತಿದ್ದ ಹುಡುಗಿಯಂಥ ಹೆಂಗಸು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ನೀವ ಅವರ ಮನಿಯವ್ರೇನ್ರಿ? ಪುಣ್ಯಾ ಮಾಡೀರಿ. ನಾವು ಎಮ್ಮಿ ಕಟ್ಟೇವ್ರಿ, ಹಾಲು ಕಾಸಿ ಖವಾ ಮಾಡಿ ಬೆಳಗಾವಿ ಮಿಠಾಯಿ ಅಂಗಡಿಗೆ ಕೊಡ್ತೇವಿ. ನಮ್ಮವ್ರು ಎಮ್ಮಿ ಎಲ್ಲಾ ಮಾರಿ ತಾವ ಅಂಗಡಿ ತಗೀತೇನಂತ ಕುಂತಾರ. ನಾ ಬ್ಯಾಡಂತ ಜಗಳಾ ತಗದಿದ್ನಿ. ಇವತ್ತ ನಿಮ್ಮವ್ರ ಮಾತ ಕೇಳಿ ನನಗೂ ಧೈರ್ಯಾ ಬಂತ ನೋಡ್ರಿ."

ನಾನು ಅವಳ ಕಿವಿಯ ಹತ್ತಿರ ಬಾಗಿದೆ.

"ಎಮ್ಮಿ ಮಾರಬ್ಯಾಡ ತಂಗಿ. ನಮ್ಮ ಮಗ್ಗ ಗುಜರಿಗೆ ಹೋದ್ವು. ಇವರು ಮಚ್ಛೆದಾಗ ಕೂಲಿಗೆ ಹೋಗ್ತಾರ."

ಅವಳು ನನ್ನ ಮುಖ ನೋಡಿದಳು. ನಾನು ಉಟ್ಟಿದ್ದ ಸೀರೆ ನೋಡಿದಳು, ನಮ್ಮ ಮಗ್ಗದ್ದೇ, ಮಾರದೆ ಉಳಿದವುಗಳಲ್ಲಿ ಒಂದು. ಮೆಲ್ಲಗೆ ಕೈ ಬಿಟ್ಟಳು.

"ನಿಮ್ಮವ್ರು ಮುಂದ ಬಂದಾರ, ನಮ್ಮವ್ರು ಬರೂದು ಬ್ಯಾಡೇನ್ರಿ?" ಎಂದು ಕುರ್ಚಿಯನ್ನು ಆಚೆ ಸರಿಸಿಕೊಂಡಳು.

ಮೇಲೆ ಇವರಿಗೆ ಶಾಲು ಹೊದಿಸುತ್ತಿದ್ದರು. ಇವರು ಜನರ ನಡುವೆ ನನ್ನನ್ನು ಹುಡುಕಿ, ಕಂಡಮೇಲೆ ನಕ್ಕರು. ಮಗ್ಗ ಹೋದಮೇಲೆ ಆ ನಗು ನಾನು ನೋಡಿರಲಿಲ್ಲ. ಎದ್ದು ನಿಂತು ನಾನೂ ಚಪ್ಪಾಳೆ ತಟ್ಟಿದೆ.